ಬೀಗಿತ್ತಿಗೆ ಉಡಿ ತುಂಬಿದ್ದು

ಹೊಡೆದನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ ಬಿಡಿ. ಎದುರುಮನೆಯವರ ಸಿಸಿ ಕ್ಯಾಮೆರಾದಲ್ಲಿ ಎಲ್ಲವೂ ಬಿದ್ದಿತ್ತು. ಕಬಡ್ಡಿ ಲೀಗಿನಲ್ಲಿ ಹೆಸರು ಮಾಡಿದ ನಿಂಗರಾಜ್, ಹರಿಹರದ ತನ್ನ ಹೊಸ ಮನೆಯ ಗೇಟಿನಲ್ಲಿ ಹೆಂಡತಿ ಬಿಂದುವಿನ ಜಡೆ ಹಿಡಿದು ಎಳೆದದ್ದು, ಕೆನ್ನೆಗೆ ಬಾರಿಸಿದ್ದು, ಆಕೆ ಕೆಳಗೆ ಬಿದ್ದದ್ದು, ಬಿದ್ದವಳ ಕೈ ತುಳಿದುಕೊಂಡೇ ಅವನು ಒಳಗೆ ಹೋದದ್ದು. ಆ ತುಣುಕು ಹರಿಹರ, ದಾವಣಗೆರೆ ದಾಟಿ ರಾಜ್ಯದ ಮೊಬೈಲುಗಳಿಗೆಲ್ಲ ಮುಟ್ಟಿತು. ನೋಡಿದವರೆಲ್ಲ ಕೇಳಿದ್ದು ಬೇರೆಯೇ. ಯಾಕೆ ಹೊಡೆದ? ಅವಳು ಏನಂದಿರಬೇಕು? ಸುಮ್ಮಸುಮ್ಮನೆ ಯಾರಾದರೂ ಹೊಡೆಯುತ್ತಾರೆಯೇ?

ಬಿಂದುವಿನ ತಾಯಿ ಉಚ್ಚೆಂಗೆಮ್ಮನಿಗೆ ಈ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ದಾವಣಗೆರೆ ಪಕ್ಕದ ಬಾತಿಯಿಂದ ದಿನಾ ಕರೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿ ಖಾರ-ಮಂಡಕ್ಕಿ ಪಾಕೀಟು ತುಂಬುವ ಹೆಂಗಸು ಆಕೆ. ಮೊದಲೆಲ್ಲ ಅಲ್ಲಿ ಧಾರಾವಾಹಿಯ ಸುದ್ದಿ ನಡೆಯುತ್ತಿತ್ತು. ಈಗ ಇವಳ ಮಗಳೇ ಧಾರಾವಾಹಿ. ಒಬ್ಬಳು ಕೈಯಲ್ಲಿ ಮಂಡಕ್ಕಿ ತೋಡುತ್ತಲೇ, "ಆಟ ಆಡೋ ಗಂಡಸ್ರಿಗೆ ಸಿಟ್ಟು ಜಾಸ್ತಿ ಕಣಕ್ಕ. ಹೆಣ್ಣಾದೋಳು ಒಂಚೂರು ತಗ್ಗಿ ನಡೀಬೇಕು" ಎಂದಳು.

ಪಕ್ಕದಲ್ಲಿ ಕೂತ ರುಮಾನಾ ಅಷ್ಟಕ್ಕೆ ಬಿಡುವವಳಲ್ಲ. "ಸಿಟ್ಟಿದ್ರೆ ರೆಫ್ರಿಗೆ ಹೊಡೀಲಿ ನೋಡನ. ಅಲ್ಲಿ ಹೊಡೆದ್ರೆ ಆಟದಿಂದ ಆಚೆ ಹಾಕ್ತಾರೆ ಅಂತ ಗೊತ್ತೈತೆ. ಅದ್ಕೆ ಅಲ್ಲಿ ಸಿಟ್ಟು ಬರಲ್ಲ" ಎಂದಳು. ಎಲ್ಲರೂ ನಕ್ಕರು. ಉಚ್ಚೆಂಗೆಮ್ಮನಿಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

ಟಿವಿಯವರ ಹಾವಳಿ ಇನ್ನೊಂದು ಕಡೆ. ದಿನಾ ಸಂಜೆ ಚರ್ಚೆ. ಒಬ್ಬ ನಿವೃತ್ತ ಕೋಚ್ ಬಂದು ಆಟಗಾರರ ಮೇಲಿನ ಒತ್ತಡವನ್ನು ಮನೆಯಾಕೆ ಅರ್ಥ ಮಾಡಿಕೊಳ್ಳಬೇಕು ಎನ್ನುತ್ತಿದ್ದ. ಬೆಂಗಳೂರಿನ ಒಬ್ಬ ವಕೀಲೆ ಮೇಜು ಕುಟ್ಟಿ ಕಾನೂನಿನ ಕಲಮು ಹೇಳುತ್ತಿದ್ದಳು. ನಡುವೆ ಕೂತವನು ಇಬ್ಬರನ್ನೂ ಮಾತಾಡಲು ಬಿಡದೆ ತಾನೇ ಅರಚುತ್ತಿದ್ದ. ಹರಿಹರದಲ್ಲಿ ಅಭಿಮಾನಿಗಳು ನಿಂಗರಾಜನ ಫ್ಲೆಕ್ಸಿಗೆ ಹಾಲೆರೆದರು. ದಾವಣಗೆರೆಯ ಜಯದೇವ ವೃತ್ತದಲ್ಲಿ ಮಹಿಳಾ ಸಂಘದವರು ಧಿಕ್ಕಾರ ಕೂಗಿದರು. ಎರಡೂ ಕಡೆಯ ಫಲಕದಲ್ಲಿ ಇದ್ದದ್ದು ಬಿಂದುವಿನ ಅದೇ ಮದುವೆ ಫೋಟೊ. ಹಾಕಿಕೊಳ್ಳಲೇನಮ್ಮ ಎಂದು ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

ಉಚ್ಚೆಂಗೆಮ್ಮನ ಗಂಡ ಭರಮಣ್ಣನ ಪಾಡು ಹೇಳುವುದೇ ಬೇಡ. ಬಾಡಿಗೆಯ ಸಾಮಾನು ಹೇರುವ ಲಗೇಜ್ ಆಟೋ ಅವನದು. ದಾವಣಗೆರೆ-ಹರಿಹರದ ನಡುವೆ ಓಡಾಟ. ಅಳಿಯ ಲೀಗಿಗೆ ಆಯ್ಕೆಯಾದ ವರ್ಷ, ತೊಡೆ ತಟ್ಟುತ್ತಿರುವ ಅವನ ಚಿತ್ರವನ್ನು ಆಟೋದ ಹಿಂದೆ ದೊಡ್ಡದಾಗಿ ಅಂಟಿಸಿಕೊಂಡಿದ್ದ. ಈಗ ಅದನ್ನು ಕಿತ್ತರೆ ಹರಿಹರದಲ್ಲಿ ಬಾಡಿಗೆ ಹುಟ್ಟುವುದಿಲ್ಲ, ಬಿಟ್ಟರೆ ಮಗಳು ದಿನಬೆಳಗಾದರೆ ಆ ಮುಖ ನೋಡಬೇಕು. ಕೊನೆಗೆ ಪುಣ್ಯಾತ್ಮ ಒಂದು ಉಪಾಯ ಮಾಡಿದ. ಮನೆಗೆ ಬಂದ ಕೂಡಲೇ ಆಟೋದ ಹಿಂಭಾಗ ಗೋಡೆಗೆ ಒತ್ತುವ ಹಾಗೆ ನಿಲ್ಲಿಸಿಬಿಡುತ್ತಿದ್ದ.

ಬಿಂದು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ತವರಿಗೆ ಬಂದ ದಿನ ಹೆಚ್ಚು ಮಾತಾಡಿರಲಿಲ್ಲ. ಆಸ್ಪತ್ರೆಯಿಂದ ನೇರ ಠಾಣೆಗೆ ಹೋಗಿ ದೂರು ಬರೆಸಿಯೇ ಬಂದಿದ್ದಳು. ಅಷ್ಟು ಗಟ್ಟಿ ಹುಡುಗಿ. ತಾಯಿ ಬಡಿಸಿದ ಅನ್ನವನ್ನು ಒಂದೇ ಕೈಯಲ್ಲಿ ಕಲಸುತ್ತಾ, "ಅವ್ವ, ಇದು ಮೊದಲನೇ ಸಲ ಅಲ್ಲ. ಕ್ಯಾಮೆರಾಕ್ಕೆ ಸಿಕ್ಕಿದ್ದು ಮೊದಲನೇ ಸಲ ಅಷ್ಟೇ" ಎಂದಳು. ಒಂದು ತುತ್ತು ನುಂಗಿ, "ಯಾರು ಬಂದು ಏನು ಹೇಳಿದ್ರೂ ನನ್ನ ಮತ್ತೆ ಅಲ್ಲಿಗೆ ಕಳಿಸಬ್ಯಾಡ" ಎಂದಳು.

"ಕಳಿಸಲ್ಲ. ನನ್ನ ಮೇಲೆ ಆಣೆ" ಎಂದಿದ್ದಳು ಉಚ್ಚೆಂಗೆಮ್ಮ.

ಆ ಮಾತು ಉಳಿಸಿಕೊಳ್ಳಬೇಕು, ಅಷ್ಟೇ ಆಕೆಗೆ ಬೇಕಾಗಿದ್ದದ್ದು. ಟಿವಿಯಲ್ಲಿ ಯಾರು ಗೆದ್ದರೆಷ್ಟು, ಸೋತರೆಷ್ಟು. ಬಿಂದುವಿನ ಕೇಸು ಹಿಡಿದ ದಾವಣಗೆರೆಯ ವಕೀಲೆ ಸ್ನೇಹಾ ಧೈರ್ಯ ಹೇಳಿದ್ದಳು; ತಂಡದವರೂ ವಿಚಾರಣೆ ಮುಗಿಯುವವರೆಗೆ ನಿಂಗರಾಜನನ್ನು ಹೊರಗಿಟ್ಟಿದ್ದರು. ಮಗಳು ಮನೆಯಲ್ಲಿದ್ದಳು. ಉಚ್ಚೆಂಗೆಮ್ಮ ಮುಂದಿನ ಬಾಗಿಲಿಗೆ ಹಗಲೂ ಚಿಲಕ ಹಾಕುವುದನ್ನು ರೂಢಿ ಮಾಡಿಕೊಂಡಳು.

ಆದರೆ ಬೀಗಿತ್ತಿ ಬಂದಳು. ಒಂದು ಶುಕ್ರವಾರ ಮಧ್ಯಾಹ್ನ ಹರಿಹರದ ಹತ್ತಿರದ ಸಾರಥಿ ಹಳ್ಳಿಯಿಂದ ನಿಂಗರಾಜನ ತಾಯಿ ಅಂಜಿನವ್ವ ಬಂದು ಬಾಗಿಲು ಬಡಿದಳು. ಜೊತೆಗೆ ಅವಳ ಮೈದುನನ ಮಗ ಹನುಮೇಶ್, ಅದೇ ಅಭಿಮಾನಿ ಬಳಗದ ಅಧ್ಯಕ್ಷ. ಅವನು ಹೊರಗೆ ಕಟ್ಟೆಯ ಮೇಲೆ ಮೊಬೈಲು ತೀಡುತ್ತಾ ಕೂತ. ದನಿ ಕೇಳಿದ್ದೇ ತಡ ಬಿಂದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಚ್ಚೆಂಗೆಮ್ಮ ಬೈಯಬೇಕೆಂದೇ ಬಾಯಿ ತೆರೆದಳು. ಬಾಗಿಲಲ್ಲಿ ನಿಂತ ಆ ಹೆಂಗಸನ್ನು ನೋಡಿದರೆ ಬೈಗುಳ ಹೊರಡಲಿಲ್ಲ. ಚಪ್ಪಲಿ ಇಲ್ಲದ ಕಾಲು, ಅತ್ತು ಬಾತ ಕಣ್ಣು. "ಬರ್ರಿ, ಕೂಡ್ರಿ" ಎಂದುಬಿಟ್ಟಳು.

ಅಂಜಿನವ್ವ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. "ನಾನು ಕರಕೊಂಡು ಹೋಗಾಕೆ ಬಂದಿಲ್ಲ ಅಕ್ಕ. ಮುಖ ತೋರಿಸೋ ಯೋಗ್ಯತೆ ಇಲ್ಲ ನಂಗೆ. ಅವರಪ್ಪನೂ ಪ್ರಾಯದಾಗೆ ಹಂಗೇ ಇದ್ದ, ಈಗ ಕೈಲಾಗಲ್ಲ ಅಷ್ಟೇ. ನನ್ನ ಬೆನ್ನು ನೋಡಿದ್ರೆ ನೀನು ಊಟ ಬಿಡ್ತೀಯ. ಆಗ ಈ ಕ್ಯಾಮೆರಾ ಎಲ್ಲಿದ್ವು" ಎಂದಳು.

"ಗೊತ್ತಿದ್ದೂ ಮಗಂಗೆ ಬುದ್ಧಿ ಹೇಳಲಿಲ್ಲಲ್ಲ ನೀವು" ಎಂದಳು ಉಚ್ಚೆಂಗೆಮ್ಮ.

"ಹೇಳಿದ್ರೆ ಕೇಳ್ತಾನಾ? ನಾನು ಹೆದರ್ತೀನಿ ಕಣಕ್ಕ ಅವನಿಗೆ. ಹೆತ್ತೋಳೇ ಹೆದರ್ತೀನಿ."

ಉಚ್ಚೆಂಗೆಮ್ಮ ಚಹಾ ಕಾಸಿ ಕೊಟ್ಟಳು. ಬಿಂದುವಿನ ಕೋಣೆಯ ಬಾಗಿಲ ಕಡೆ ಅಂಜಿನವ್ವ ಒಂದೆರಡು ಸಲ ನೋಡಿದಳು, ಕರೆ ಎನ್ನಲಿಲ್ಲ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಬರ್ತೀನಿ" ಎಂದು ಎದ್ದಳು.

ಇಲ್ಲಿ ಆದದ್ದು ನೋಡಿ. ಮನೆಗೆ ಬಂದ ಮುತ್ತೈದೆ, ಅದರಲ್ಲೂ ಬೀಗಿತ್ತಿ, ಅದರಲ್ಲೂ ಶುಕ್ರವಾರ, ಬರೀ ಉಡಿಯಲ್ಲಿ ಹೊಸ್ತಿಲು ದಾಟುವುದುಂಟೆ? ಉಚ್ಚೆಂಗೆಮ್ಮ ಯೋಚನೆ ಮಾಡಿ ಮಾಡಲಿಲ್ಲ. ಯೋಚನೆ ಮಾಡಿದ್ದರೆ ಮಾಡುತ್ತಿರಲಿಲ್ಲವೇನೋ. "ಒಂದು ನಿಮಿಷ ನಿಲ್ರಿ" ಎಂದು ಒಳಗೆ ಹೋದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಎಲೆ ಅಡಿಕೆ, ಟ್ರಂಕಿನಲ್ಲಿದ್ದ ಒಂದು ಕುಬಸದ ಖಣ ಇಟ್ಟುಕೊಂಡು ಬಂದಳು. ಅಂಜಿನವ್ವನೂ ಪದ್ಧತಿಯಂತೆ ಮೂಡಲಿಗೆ ಮುಖ ಮಾಡಿ ಸೆರಗು ಒಡ್ಡಿದಳು. ಉಚ್ಚೆಂಗೆಮ್ಮ ಹಣೆಗೆ ಕುಂಕುಮ ಹಚ್ಚಿ, ಬೊಗಸೆ ಬೊಗಸೆ ಅಕ್ಕಿ ಸುರಿದು ಉಡಿ ತುಂಬಿದಳು. ತುಂಬಿಸಿಕೊಂಡವಳಿಗೆ ದುಃಖ ಒತ್ತರಿಸಿ ಬಂದು, ಬೀಗಿತ್ತಿಯ ಹೆಗಲಿಗೆ ತಲೆಯಿಟ್ಟಳು. ಇವಳೂ ಅತ್ತಳು. ಎಷ್ಟೇ ಆಗಲಿ ಇಬ್ಬರೂ ಹೆತ್ತವರು.

ಬಾಗಿಲಲ್ಲಿ ಹನುಮೇಶ್ ಮೊಬೈಲು ಎತ್ತಿ ಹಿಡಿದು ನಿಂತದ್ದನ್ನು ಇಬ್ಬರೂ ನೋಡಲಿಲ್ಲ.

ದೀಪ ಹಚ್ಚುವಷ್ಟರಲ್ಲಿ ಅದು ಟಿವಿಯಲ್ಲಿತ್ತು. ಕೆಳಗೆ ಕೆಂಪು ಪಟ್ಟಿಯಲ್ಲಿ, ಬೀಗರು ಒಂದಾದರು, ನಿಂಗರಾಜ್ ಪ್ರಕರಣಕ್ಕೆ ತಿರುವು. ಹಿಂದೆ ಶಹನಾಯಿ ಬೇರೆ ಸೇರಿಸಿದ್ದರು ಹಡಬೆಗಳು. ನಿವೃತ್ತ ಕೋಚ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ನೀವೇ ಹೇಳಿ, ಮಗಳಿಗೆ ನಿಜವಾಗಿ ಹಿಂಸೆ ಕೊಟ್ಟಿದ್ದರೆ ಯಾವ ತಾಯಿ ಆ ಮನೆಯವರಿಗೆ ಉಡಿ ತುಂಬುತ್ತಾಳೆ?" ಎಂದ. ಮೇಜು ಕುಟ್ಟುತ್ತಿದ್ದ ವಕೀಲೆಗೂ ಒಂದು ಗಳಿಗೆ ಮಾತು ತಡವರಿಸಿತು.

ಬಿಂದು ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಕೂಗಾಡಿದ್ದರೆ ಉಚ್ಚೆಂಗೆಮ್ಮನಿಗೆ ಸಮಾಧಾನವಾಗುತ್ತಿತ್ತು. ಅವಳು ಕೂಗಾಡಲಿಲ್ಲ. "ಯಾಕವ್ವ?" ಎಂದಳು ಅಷ್ಟೇ.

"ಶುಕ್ರವಾರ ಇತ್ತಲ್ಲೇ" ಎಂದಳು ತಾಯಿ. ಹೇಳಿದ ಮೇಲೆ ತನಗೇ ಅದು ಬಡಪಾಯಿ ಮಾತೆನಿಸಿತು.

ಮಾಡಿದ ತಪ್ಪನ್ನು ತಾನೇ ಸರಿ ಮಾಡಬೇಕೆಂದು ಹೊರಟದ್ದು ಇನ್ನೊಂದು ಎಡವಟ್ಟು. ಮರುದಿನ ಮೈಕು ಹಿಡಿದ ಒಬ್ಬ ವರದಿಗಾರ ಮನೆ ಹುಡುಕಿಕೊಂಡು ಬಂದ. ಉಚ್ಚೆಂಗೆಮ್ಮ ತಲೆ ಬಾಚಿಕೊಂಡು ಒಗೆದ ಸೀರೆ ಉಟ್ಟು ಎದುರಿಗೆ ನಿಂತಳು. "ಮನೆಗೆ ಬಂದೋರಿಗೆ ಉಡಿ ತುಂಬೋದು ನಮ್ಮ ಪದ್ಧತಿ. ರಾಜಿ ಗೀಜಿ ಏನೂ ಆಗಿಲ್ಲ. ಆಯಮ್ಮ ಒಳ್ಳೇ ಹೆಂಗ್ಸು, ಆಯಮ್ಮಂದು ಏನೂ ತಪ್ಪಿಲ್ಲ. ಹೊಡೆದಿದ್ದು ಅವಳ ಮಗ. ನನ್ನ ಮಗಳ ಕೈ ಮುರಿದಿದ್ದು ಅವನು. ಮಗಳನ್ನ ನಾನು ಕಳಿಸಲ್ಲ" ಎಂದಳು. ನಾಲಿಗೆ ಒಂದು ಕಡೆಯೂ ತೊದಲಲಿಲ್ಲ. ಹುಡುಗ ತಲೆಯಾಡಿಸಿ, "ಚೆನ್ನಾಗಿ ಹೇಳಿದ್ರಿ ಅಮ್ಮ" ಎಂದ.

ಸಂಜೆ ಟಿವಿಯಲ್ಲಿ ಬಂದದ್ದು ಎರಡೇ ಮಾತು. ಆಯಮ್ಮ ಒಳ್ಳೇ ಹೆಂಗ್ಸು, ಆಯಮ್ಮಂದು ಏನೂ ತಪ್ಪಿಲ್ಲ. ಅದನ್ನೇ ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಕೆಳಗೆ, ಅಳಿಯನ ಮನೆಯವರ ತಪ್ಪಿಲ್ಲ ಎಂದ ಅತ್ತೆ, ಎಂದು ಬರೆದಿದ್ದರು. ಉಚ್ಚೆಂಗೆಮ್ಮ ಟಿವಿಯ ಹತ್ತಿರ ಹೋಗಿ, ಉಳಿದ ಮಾತು ಇನ್ನೇನು ಬರಬಹುದು ಎಂದು ಕಾಯುತ್ತಾ ನಿಂತಳು. ಎಣ್ಣೆಯ ಜಾಹೀರಾತು ಬಂತು.

ಸೋಮವಾರ ಕಾರ್ಖಾನೆಯಲ್ಲಿ ರುಮಾನಾ ಕೂಡ ಮೊದಲು ಮುಖ ತಿರುಗಿಸಿದಳು. ಉಚ್ಚೆಂಗೆಮ್ಮ ಎಲ್ಲ ಹೇಳಿದ ಮೇಲೆ, "ನಿಂಗೆ ಯಾಕೆ ಬೇಕಿತ್ತು ಅವರ ಸಹವಾಸ? ಇನ್ನು ಮ್ಯಾಲೆ ಬಾಯಿ ತೆರೀಬ್ಯಾಡ ಕಣಕ್ಕ. ನೀನು ಕೆಮ್ಮಿದ್ರೂ ಅದಕ್ಕೊಂದು ಅರ್ಥ ಹಚ್ತಾರೆ" ಎಂದಳು. ಅವಳೂ ಕಣ್ಣು ಒರೆಸಿಕೊಂಡಳು.

ವಕೀಲೆ ಸ್ನೇಹಾ, "ಉಡಿ ತುಂಬಿದ್ದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಬಿಂದು ಗಟ್ಟಿಯಾಗಿ ನಿಂತರೆ ಸಾಕು" ಎಂದಳು. ಕಾನೂನಿನಲ್ಲಿ ಬೆಲೆ ಇಲ್ಲದಿರಬಹುದು, ಬಾತಿಯಲ್ಲಿ ಇತ್ತು. ಕುಲದ ಹಿರಿಯ ಅಜ್ಜಪ್ಪ ಭರಮಣ್ಣನನ್ನು ಗುಡಿಯ ಕಟ್ಟೆಗೆ ಕರೆಸಿ ಕೂರಿಸಿಕೊಂಡ. "ಉಡಿ ತುಂಬಿ ಕಳಿಸಿದ ಮ್ಯಾಲೆ ಅದು ಮಾತು ಕೊಟ್ಟಂಗೆ ಕಣಪ್ಪ. ಜಗಳ ಇದ್ದ ಮನೆಗೆ ಯಾರಾದ್ರೂ ಉಡಿ ತುಂಬ್ತಾರಾ? ಒಳಗೆ ಉಡಿ ತುಂಬೋದು, ಹೊರಗೆ ಕೇಸು ನಡೆಸೋದು, ಇದೆಂಥ ನಡತೆ? ನಾಳೆ ನಮ್ಮ ಮಂದಿಗೆ ಯಾರು ಹೆಣ್ಣು ಕೊಡ್ತಾರೆ, ಯಾರು ತರ್ತಾರೆ?" ಎಂದ. ಭರಮಣ್ಣ ಮನೆಗೆ ಬಂದು ಹೆಂಡತಿಯನ್ನು ಬೈಯಲೂ ಇಲ್ಲ, ಊಟವನ್ನೂ ಮಾಡಲಿಲ್ಲ.

ಅದಾದ ಮೇಲೆ ಹರಿಹರದ ಸಂತೆ ದಿನ. ಭರಮಣ್ಣ ಈರುಳ್ಳಿ ಚೀಲ ಇಳಿಸಿ ಹೊರಟಿದ್ದಾನೆ, ಯಾರೋ ಎಲ್ಲಿಂದಲೋ ಕಲ್ಲು ಬೀಸಿದರು. ಮುಂದಿನ ಗಾಜು ಪುಡಿಯಾಗಿ ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ದೂರು ಕೊಡೋಣವೆಂದರೆ ಯಾರ ಮೇಲೆ? ಹೊಡೆದವರ ಮುಖ ಕಂಡಿಲ್ಲ. ಅಂಟುಪಟ್ಟಿ ಹಾಕಿಸಿಕೊಂಡು ತಾನೇ ಆಟೋ ಓಡಿಸಿಕೊಂಡು ಮನೆಗೆ ಬಂದ ಅಪ್ಪನನ್ನು ಬಿಂದು ಬಹಳ ಹೊತ್ತು ನೋಡಿದಳು. ಆಮೇಲೆ ಅವನಿಗೆ ಬಿಸಿನೀರು ಕೊಟ್ಟು, ಅಂಗಿಯ ರಕ್ತ ತೊಳೆಯಲು ಕೂತಳು. ಪ್ಲಾಸ್ಟರ್ ಬಿಚ್ಚಿ ಆಗಷ್ಟೇ ಎರಡು ದಿನವಾಗಿತ್ತು, ಹಿಂಡಲು ಬರಲಿಲ್ಲ. ಉಚ್ಚೆಂಗೆಮ್ಮ ಬಂದು ಅಂಗಿಯ ಇನ್ನೊಂದು ತುದಿ ಹಿಡಿದಳು.

"ಹನುಮೇಶ್ ಫೋನು ಮಾಡಿದ್ದ" ಎಂದಳು ಬಿಂದು. "ಮುಂದಿನ ತಿಂಗಳು ಲೀಗ್ ಶುರುವಂತೆ. ನಾನು ಹೋಗಿ ಜೊತೆಗಿದ್ದು, ನಮ್ಮಲ್ಲಿ ಏನೂ ಇಲ್ಲ ಅಂತ ಬರೆದುಕೊಟ್ರೆ ತಂಡದೋರು ವಾಪಸ್ ತಗೋತಾರಂತೆ. ಹ್ಞೂಂ ಅಂದೆ."

ಉಚ್ಚೆಂಗೆಮ್ಮನ ಕೈಯಿಂದ ಅಂಗಿ ಜಾರಿತು. "ಬ್ಯಾಡ ಕಣೇ. ನಾನು ಕಳಿಸಲ್ಲ ಅಂದೀನಿ. ನನ್ನ ಮೇಲೆ ಆಣೆ ಇಟ್ಟೀನಿ."

"ನೀನು ಕಳಿಸ್ತಿಲ್ಲಲ್ಲ. ನಾನೇ ಹೋಗ್ತಿದೀನಿ."

"ನನ್ನಿಂದ ಆತು ಇದೆಲ್ಲ."

"ನಿನ್ನಿಂದ ಅಲ್ಲವ್ವ" ಎಂದು ಬಿಂದು ಅಂಗಿಯನ್ನು ಮತ್ತೆ ನೀರಿಗೆ ಅದ್ದಿದಳು. "ಉಡಿ ತುಂಬದಿದ್ರೆ ಸೊಕ್ಕು ಅಂತಿದ್ರು. ಅಪ್ಪನ ತಲೆಗೆ ಬಿದ್ದಿದ್ದು ಕಲ್ಲು. ನಾಳೆ ಇನ್ನೇನೋ. ನಂಗೆ ಸಾಕಾಗೈತೆ. ಅವನ ಹೊಡ್ತ ನಂಗೆ ಗೊತ್ತು, ಎಲ್ಲಿಗೆ ಬೀಳ್ತೈತೆ, ಯಾವಾಗ ನಿಲ್ತೈತೆ ಅಂತ. ಈ ಮಂದೀದು ಗೊತ್ತಾಗಲ್ಲ."

ಉಚ್ಚೆಂಗೆಮ್ಮ ಸ್ನೇಹಾಗೆ ಫೋನು ಮಾಡಿ ಅತ್ತಳು. ಸ್ನೇಹಾ ಬಂದು ಅರ್ಧ ದಿನ ಬಿಂದುವಿನ ಜೊತೆ ಕೋಣೆಯಲ್ಲಿ ಕೂತು ಬರಿಗೈಯಲ್ಲಿ ಹೋದಳು. ಭರಮಣ್ಣ ಮಗಳೆದುರು ಕೈ ಮುಗಿದ. ಏನು ಮಾಡಿದರೂ ಅವಳು ಜಗ್ಗಲಿಲ್ಲ. ಅಂದು ಠಾಣೆಗೆ ಹೋಗುವಾಗ ಎಷ್ಟು ಗಟ್ಟಿಯಿದ್ದಳೋ ಇದಕ್ಕೂ ಅಷ್ಟೇ ಗಟ್ಟಿಯಾಗಿದ್ದಳು.

ಕರೆದೊಯ್ಯಲು ಅವರು ಮೂರು ಕಾರಿನಲ್ಲಿ ಬಂದರು. ಹಾರ, ಪೇಟ, ಸಿಹಿ ಡಬ್ಬಿ, ಎತ್ತಿ ಹಿಡಿದ ಮೊಬೈಲುಗಳು. ಓಣಿಯ ಮಂದಿ ಮದುವೆಗೆ ಸೇರಿದಂತೆ ಸೇರಿದರು. ನಿಂಗರಾಜ್ ಬಿಳಿ ಅಂಗಿ ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದ. ಅಜ್ಜಪ್ಪನ ಕಾಲಿಗೂ ಬಿದ್ದ. ಬಿಂದು ಬ್ಯಾಗು ಹಿಡಿದು ಪಡಸಾಲೆಗೆ ಬಂದಳು. ಹಿಂದೆಯೇ ಹೊರಟ ತಾಯಿಯನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದಳು.

"ನೀನು ಹೊರಗೆ ಬರಬ್ಯಾಡವ್ವ."

"ಬಾಗಿಲ ತನಕ ಬರ್ತೀನಿ."

"ಬ್ಯಾಡ. ನೀನು ಅತ್ರೆ ಒಂದು ಹೇಳ್ತಾರೆ, ಅಳದಿದ್ರೆ ಒಂದು ಹೇಳ್ತಾರೆ. ನನ್ನ ಮುಟ್ಟಿದ್ರೆ ಅದನ್ನೂ ತೋರಿಸ್ತಾರೆ. ಇಲ್ಲೇ ಇರು."

ಉಚ್ಚೆಂಗೆಮ್ಮ ಅಲ್ಲೇ ಇದ್ದಳು. ಮಗಳ ತಲೆ ಸವರಲು ಕೈ ಎತ್ತಿದ್ದಳು. ಕಿಟಕಿಯಲ್ಲೂ ಒಂದು ಮೊಬೈಲು ಕಂಡಿತು, ಕೈ ಇಳಿಸಿದಳು. ಹೊರಗೆ ಚಪ್ಪಾಳೆ ಕೇಳಿಸಿತು. ಯಾರೋ ಜೈಕಾರ ಹಾಕಿದರು. ಕಾರಿನ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿದವು. ಎಲ್ಲ ನಿಶ್ಶಬ್ದವಾದ ಮೇಲೆ ಭರಮಣ್ಣ ಒಳಗೆ ಬಂದು ಗೋಡೆಗೆ ಒರಗಿ ಕೂತ.

"ಹೆಂಗಿದ್ಲು?" ಎಂದು ಕೇಳಿದಳು.

"ನಕ್ಕಂತ ಹೋದ್ಲು" ಎಂದ.

ರುಮಾನಾ ಮೊಬೈಲಿಗೆ ಕಳಿಸಿದ ತುಣುಕಿನಲ್ಲಿ ಬಿಂದು ನಿಜವಾಗಿಯೂ ನಗುತ್ತಿದ್ದಳು. ಕೆಳಗೆ ಜನ ಹೂವು, ಹೃದಯ ಹಾಕಿದ್ದರು. ಒಬ್ಬ, ಮಗಳು ಹೋಗುವಾಗ ಹೊಸ್ತಿಲಿಗೂ ಬರದ ಇವಳೆಂಥ ತಾಯಿ, ಎಂದು ಬರೆದಿದ್ದ. ಉಚ್ಚೆಂಗೆಮ್ಮ ಅಕ್ಷರ ಕೂಡಿಸಿ ಕೂಡಿಸಿ ಅದನ್ನು ಓದಿದಳು. ಬೇಜಾರಾಗಲಿಲ್ಲ. ಬೇಜಾರಾಗಲು ಒಳಗೆ ಜಾಗ ಉಳಿದಿರಲಿಲ್ಲ.

ನಾಲ್ಕನೆಯ ದಿನ ಸಂಜೆಯವರೆಗೆ ಬಿಂದು ತಾನೇ ಫೋನು ಮಾಡುತ್ತಿದ್ದಳು. ಊಟ ಆಯ್ತಾ, ಅಪ್ಪನ ಹೊಲಿಗೆ ಬಿಚ್ಚಿದ್ರಾ, ಇಷ್ಟೇ ಮಾತು. ಐದನೆಯ ದಿನ ಮಾಡಲಿಲ್ಲ. ಉಚ್ಚೆಂಗೆಮ್ಮ ಕೆಲಸದಿಂದ ಬಂದು ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ತಾನೇ ಮಗಳ ನಂಬರಿಗೆ ಮಾಡಿದಳು. ಎತ್ತಿದ್ದು, ಸೊಸೆ ಬಂದಾಗಿನಿಂದ ಹರಿಹರದ ಮನೆಯಲ್ಲೇ ಇದ್ದ ಅಂಜಿನವ್ವ.

"ಬಿಂದು ಎಲ್ಲಿ? ಒಂಚೂರು ಕೊಡ್ರಿ."

"ಮಲಗ್ಯಾಳೆ ಅಕ್ಕ."

ಉಚ್ಚೆಂಗೆಮ್ಮ ದೀಪದ ಕಡೆ ನೋಡಿದಳು. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯ ಸೊಸೆ ಮಲಗುವುದುಂಟೆ? ಯಾವ ಅತ್ತೆ ಮಲಗಲು ಬಿಡುತ್ತಾಳೆ? ಜ್ವರ ಬಂದವರನ್ನೂ ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸುವ ಹೊತ್ತು ಅದು. ಅಂಜಿನವ್ವನಿಗೆ ಅಷ್ಟೂ ಗೊತ್ತಿಲ್ಲವೆ?

"ಎಬ್ಬಿಸ್ರಿ" ಎಂದಳು.

ಆ ಕಡೆ ಅಂಜಿನವ್ವ ಬಾಗಿಲು ಮುಂದೂಡಿದ ಸದ್ದಾಯಿತು.

"ಯಕ್ಕ, ಎಬ್ಬಿಸ್ರಿ. ದನಿ ಕೇಳಿಸಿದ್ರೆ ಸಾಕು."

"ಮಲಗ್ಯಾಳೆ ಅಂದೆನಲ್ಲ" ಎಂದಳು ಅಂಜಿನವ್ವ. "ಎದ್ದ ಮ್ಯಾಲೆ ಮಾಡಿಸ್ತೀನಿ. ಇಡ್ತೀನಿ ಈಗ, ಅವನು ಬಂದ."

ಫೋನು ಕಟ್ಟಾಯಿತು. ಉಚ್ಚೆಂಗೆಮ್ಮ ಭರಮಣ್ಣನನ್ನು ಕೂಗಿ, ಆಟೋ ತೆಗೆ, ಹರಿಹರಕ್ಕೆ ಹೋಗನ, ಎಂದಳು. ಅವನು ಕೀಲಿಕೈ ಹುಡುಕತೊಡಗಿದ. ಆಕೆ ಮತ್ತೆ ನಂಬರು ಒತ್ತಿದಳು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.